ಸೂರ್ಯನ ಗಾಳಿಗೊಂದು ಲೆಡ್ಜರು

ತಿಂಡಿ ಮುಗಿಸಿ ಭಾನುವಾರದ ಪತ್ರಿಕೆ ಹಿಡಿದು ಕೂತಿದ್ದೆ. ಒಂಬತ್ತನೇ ತರಗತಿ ಓದುವ ಮೊಮ್ಮಗಳು ನೋಟ್‌ಬುಕ್ ತಂದು ನನ್ನ ಪತ್ರಿಕೆಯ ಮೇಲೆಯೇ ಇಟ್ಟಳು.

“ತಾತ, ಇದರ ಸರಾಸರಿ ಸೊನ್ನೆ ಬರ್ತಿದೆ. ನನ್ನ ಲೆಕ್ಕ ತಪ್ಪಾ ನೋಡು.”

ಶಾಲೆಯಲ್ಲಿ ಆದಿತ್ಯ-ಎಲ್1 ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಅಭ್ಯಾಸಕ್ಕೆಂದು ಟೀಚರ್ ಎಂಟು ಅಂಕಿಗಳನ್ನು ಬರೆಸಿದ್ದರು. ಬಾಹ್ಯಾಕಾಶದಲ್ಲಿ ಕಾಂತಕ್ಷೇತ್ರ ಉತ್ತರದ ಕಡೆಗಿದ್ದರೆ ಅಂಕಿಗೆ ಕೂಡುವ ಚಿಹ್ನೆ, ದಕ್ಷಿಣದ ಕಡೆಗಿದ್ದರೆ ಕಳೆಯುವ ಚಿಹ್ನೆ. ಆ ಅಂಕಿಗಳು ಇವು: 4, –3, 5, –5, 2, –4, 3, –2. ಕೂಡಿ ನೋಡಿದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂಡಿ ಕಳೆದವನು ನಾನು. ಅವಳ ಲೆಕ್ಕ ಸರಿಯಾಗಿತ್ತು. ಮೊತ್ತ ಸೊನ್ನೆ, ಸರಾಸರಿಯೂ ಸೊನ್ನೆ.

“ಹಾಗಾದ್ರೆ ಅಲ್ಲಿ ಕಾಂತಕ್ಷೇತ್ರವೇ ಇಲ್ಲ ಅಂತ ಬರೀಲಾ?”

“ತಡಿ, ಬರೀಬೇಡ” ಅಂದೆ. ಯಾಕೆ ಬರೆಯಬಾರದು ಎಂದು ಅವಳಿಗೆ ಹೇಳಬೇಕಾದರೆ ಮೊದಲು ನಾನು ಓದಬೇಕಾಗಿತ್ತು. ನಾನು ಬಿ.ಕಾಂ. ಓದಿದವನು. ವಿಜ್ಞಾನ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೆ ಬಿ.ಕಾಂ.ನಲ್ಲಿ ಸಂಖ್ಯಾಶಾಸ್ತ್ರದ್ದೊಂದು ಪೇಪರ್ ಇತ್ತು. ಅದೇ ಬಂಡವಾಳ. ಮೂರು ವಾರ ಓದಿದೆ, ಬಲ್ಲವರನ್ನು ಕೇಳಿದೆ. ಓದುತ್ತಾ ಹೋದಂತೆ ಸೂರ್ಯನ ವಿಷಯ ನನ್ನ ಹಳೆಯ ಕ್ಯಾಶ್ ಕೌಂಟರಿನ ಮುಂದೆ ತಂದು ನಿಲ್ಲಿಸಿತು. ಮಕ್ಕಳೇ, ನಿಮಗೂ ನಿಮ್ಮ ಪಕ್ಕದಲ್ಲಿ ಕೂತು ಓದುತ್ತಿರುವ ನಿಮ್ಮ ಅಜ್ಜ ಅಜ್ಜಿಯರಿಗೂ ಆ ಕಥೆ ಹೇಳುತ್ತೇನೆ.

ಸೂರ್ಯನಿಂದ ಬೀಸುವ ಗಾಳಿ

ಸೂರ್ಯನಿಂದ ಬೆಳಕು ಮತ್ತು ಬಿಸಿ ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಒಂದು ಗಾಳಿಯೂ ಬೀಸುತ್ತದೆ. ಅದಕ್ಕೆ ಸೌರಮಾರುತ ಎಂದು ಹೆಸರು. ನಮ್ಮ ಗಾಳಿಯ ಹಾಗೆ ಅದರಲ್ಲಿ ಸಾರಜನಕ, ಆಮ್ಲಜನಕ ಇಲ್ಲ. ಅದು ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳ ಪ್ರವಾಹ. ಇಂಥ ವಿದ್ಯುತ್ ಕಣಗಳ ಅನಿಲಕ್ಕೆ ಪ್ಲಾಸ್ಮಾ ಎನ್ನುತ್ತಾರೆ.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ಅದರ ಸುತ್ತ ಕಿರೀಟದಂತೆ ಹರಡಿರುವ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರುತ್ತದೆ. ಅಷ್ಟು ಕಾದದ್ದನ್ನು ಸೂರ್ಯನ ಗುರುತ್ವಾಕರ್ಷಣೆಯೂ ಹಿಡಿದಿಡಲಾರದು. ಹಾಲು ಉಕ್ಕಿದಂತೆ ಅದು ಎಲ್ಲ ದಿಕ್ಕಿಗೂ ಹೊರಡುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ದ್ರವ್ಯ ಸೂರ್ಯನಿಂದ ಹೀಗೆ ಹೊರಟುಹೋಗುತ್ತದೆ. ಆದರೂ ಸೂರ್ಯನಿಗೆ ಅದು ಲೆಕ್ಕಕ್ಕೇ ಇಲ್ಲ.

ಈ ಗಾಳಿಯ ವೇಗ ಸೆಕೆಂಡಿಗೆ ಸುಮಾರು 300ರಿಂದ 800 ಕಿಲೋಮೀಟರ್. 400 ಎಂದಿಟ್ಟುಕೊಂಡರೆ ಸೂರ್ಯನಿಂದ ಇಲ್ಲಿಗೆ 15 ಕೋಟಿ ಕಿಲೋಮೀಟರ್ ಬರಲು ನಾಲ್ಕು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಆದರೆ ಬಹಳ ತೆಳು. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ 25ರ ಮುಂದೆ 18 ಸೊನ್ನೆ ಇಟ್ಟಷ್ಟು ಅಣುಗಳಿವೆ. ಭೂಮಿಯ ಸಮೀಪದ ಸೌರಮಾರುತದಲ್ಲಿ ಅಷ್ಟೇ ಜಾಗದಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತು ಪ್ರೋಟಾನ್ ಇದ್ದರೆ ಹೆಚ್ಚು.

ಇಂಥ ಗಾಳಿ ಇರಲೇಬೇಕು ಎಂದು ಲೆಕ್ಕ ಹಾಕಿ ಹೇಳಿದವರು ಅಮೆರಿಕದ ಯೂಜೀನ್ ಪಾರ್ಕರ್. 1958ರಲ್ಲಿ ಅವರಿಗೆ ಮೂವತ್ತೊಂದು ವರ್ಷ. ಅವರ ಲೇಖನವನ್ನು ಪರಿಶೀಲಿಸಿದ ಇಬ್ಬರೂ ತಜ್ಞರು ಇದು ಸರಿಯಿಲ್ಲ ಎಂದು ತಳ್ಳಿಹಾಕಿದರು. ಆ ಪತ್ರಿಕೆಯ ಸಂಪಾದಕರಾಗಿದ್ದವರು ಭಾರತೀಯ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಪಾರ್ಕರ್ ಹೇಳಿದ್ದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಆದರೆ ಲೆಕ್ಕದಲ್ಲಿ ಯಾರೂ ತಪ್ಪು ತೋರಿಸಿರಲಿಲ್ಲ. ಹಾಗಾಗಿ ಅಚ್ಚು ಮಾಡಿದರು. ನಾಲ್ಕೇ ವರ್ಷದಲ್ಲಿ, 1962ರಲ್ಲಿ, ಶುಕ್ರ ಗ್ರಹದ ಕಡೆಗೆ ಹೊರಟಿದ್ದ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಈ ಗಾಳಿಯನ್ನು ಅಳೆಯಿತು. ಪಾರ್ಕರ್ ಹೇಳಿದ್ದು ನಿಜವಾಗಿತ್ತು. ಲೆಕ್ಕ ತಪ್ಪಿಲ್ಲದಿದ್ದರೆ, ನಮಗೆ ಇಷ್ಟವಿಲ್ಲದಿದ್ದರೂ, ವೋಚರು ಪಾಸು ಮಾಡಲೇಬೇಕು. ಚಂದ್ರಶೇಖರ್ ಮಾಡಿದ್ದು ಅದನ್ನೇ.

ಗಾಳಿಯ ಜೊತೆ ಬರುವ ಕಾಂತಕ್ಷೇತ್ರ

ಈ ಗಾಳಿ ಬರಿಗೈಯಲ್ಲಿ ಬರುವುದಿಲ್ಲ. ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಬರುತ್ತದೆ. ಅತ್ತ ಗಾಳಿ ನೇರ ಹೊರಗೆ ಹೋಗುತ್ತಿರುತ್ತದೆ, ಇತ್ತ ಸೂರ್ಯ ತನ್ನ ಸುತ್ತ ತಾನು ತಿರುಗುತ್ತಿರುತ್ತಾನೆ. ಭೂಮಿಯಿಂದ ನೋಡಿದರೆ ಒಂದು ಸುತ್ತಿಗೆ ಸುಮಾರು 27 ದಿನ. ಪಾರ್ಕಿನ ಹುಲ್ಲಿಗೆ ನೀರು ಚಿಮ್ಮಿಸುವ ತಿರುಗುವ ಕೊಳವೆ ನೋಡಿದ್ದೀರಲ್ಲ? ಹನಿಗಳು ನೇರ ಹಾರಿದರೂ ನೀರಿನ ಎಳೆ ಸುರುಳಿಯಾಗಿ ಕಾಣುತ್ತದೆ. ಕಾಂತಕ್ಷೇತ್ರದ ಎಳೆಗಳೂ ಹಾಗೆಯೇ ಸುರುಳಿಯಾಗುತ್ತವೆ. ಭೂಮಿಯ ಹತ್ತಿರಕ್ಕೆ ಬರುವಾಗ ಅವು ಸೂರ್ಯನ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿರುತ್ತವೆ. ಇದನ್ನೂ ಪಾರ್ಕರ್ ಅವರೇ ಹೇಳಿದ್ದು.

ಇದರ ಬಲ ತೀರಾ ಕಡಿಮೆ. ಅಳತೆಗೆ ನ್ಯಾನೊಟೆಸ್ಲಾ ಎಂಬ ಮಾನ ಇದೆ. ನಮ್ಮ ಕರ್ನಾಟಕದಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಸೌರಮಾರುತದಲ್ಲಿ ಇರುವುದು ಸಾಮಾನ್ಯ ದಿನಗಳಲ್ಲಿ ಸುಮಾರು ಐದು. ಎಂಟು ಸಾವಿರದಲ್ಲಿ ಒಂದು ಪಾಲು.

ಸುರುಳಿ ಎಂದರೆ ಅದು ಸರಾಸರಿಯ ಚಿತ್ರ. ಯಾವುದೋ ಒಂದು ನಿಮಿಷದಲ್ಲಿ ಅಳೆದು ನೋಡಿದರೆ ಕ್ಷೇತ್ರ ಅತ್ತಲೋ ಇತ್ತಲೋ ತಿರುಗಿರುತ್ತದೆ. ದೇವರ ಮುಂದೆ ಹಚ್ಚಿಟ್ಟ ಊದಿನಕಡ್ಡಿಯನ್ನು ಗಮನಿಸಿ. ಹೊಗೆ ಸ್ವಲ್ಪ ದೂರ ದಾರದಂತೆ ನೆಟ್ಟಗೆ ಏರುತ್ತದೆ. ಆಮೇಲೆ ಸುಳಿ ಸುಳಿಯಾಗಿ ಒಡೆದುಹೋಗುತ್ತದೆ. ಇದಕ್ಕೆ ಪ್ರಕ್ಷುಬ್ಧ ಹರಿವು ಎಂದು ಹೆಸರು. ಮುಂದಿನ ಗಳಿಗೆಯಲ್ಲಿ ಯಾವ ಸುಳಿ ಎಲ್ಲಿರುತ್ತದೆ ಎಂದು ಯಾರೂ ಹೇಳಲಾರರು. ಆದರೆ ಸಾವಿರಾರು ಸುಳಿಗಳ ಲೆಕ್ಕ ಒಟ್ಟಿಗೆ ಬರೆದರೆ ಅದರಲ್ಲಿ ನಿಯಮ ಕಾಣುತ್ತದೆ. ನಾಳೆ ನಮ್ಮ ಶಾಖೆಗೆ ಯಾವ ಗ್ರಾಹಕರು ಬರುತ್ತಾರೆ ಎಂದು ನನಗೆ ಗೊತ್ತಿರುತ್ತಿರಲಿಲ್ಲ. ಆದರೆ ಸೋಮವಾರ ಎಷ್ಟು ಜನ ಬರಬಹುದು ಎಂದು ಹೇಳಬಲ್ಲವನಾಗಿದ್ದೆ. ಅದೇ ತರಹ.

ದೊಡ್ಡ ನೋಟು, ಚಿಲ್ಲರೆ, ಕೊನೆಗೆ ಖರ್ಚು

ರಷ್ಯಾದ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ 1941ರಲ್ಲಿ ಒಂದು ನಿಯಮ ಕೊಟ್ಟರು. ಅವರು ಹೇಳಿದ್ದು ನೀರು, ಗಾಳಿಗಳ ಬಗ್ಗೆ. ದೊಡ್ಡ ಸುಳಿ ಒಡೆದು ಚಿಕ್ಕ ಸುಳಿಗಳಾಗುತ್ತವೆ, ಅವು ಒಡೆದು ಇನ್ನೂ ಚಿಕ್ಕವಾಗುತ್ತವೆ. ಐನೂರರ ನೋಟನ್ನು ನೂರಕ್ಕೆ ಮುರಿಸಿ, ನೂರನ್ನು ಹತ್ತಕ್ಕೆ ಮುರಿಸಿ, ಹತ್ತನ್ನು ಬಿಡಿ ಕಾಸಿಗೆ ಮುರಿಸಿದ ಹಾಗೆ. ಮುರಿಸುವಾಗ ಹಣ ಕಡಿಮೆಯಾಗುವುದಿಲ್ಲ. ಕೊನೆಗೆ ಚಿಲ್ಲರೆ ಕೈಬಿಟ್ಟಾಗ ಖರ್ಚು. ಸುಳಿಗಳ ಲೋಕದಲ್ಲಿ ಖರ್ಚು ಎಂದರೆ ಶಾಖ. ಚಲನೆಯ ಶಕ್ತಿ ಕೊನೆಗೆ ಬಿಸಿಯಾಗಿ ಮುಗಿಯುತ್ತದೆ.

ಆ ನಿಯಮದಲ್ಲಿ ಐದು ಭಾಗಿಸು ಮೂರು ಎಂಬ ಒಂದು ಭಿನ್ನರಾಶಿ ಇದೆ. ಮೊಮ್ಮಗಳಿಗೆ ಹೀಗೆ ಹೇಳಿದೆ: ನಿಧಾನವಾಗಿ ಆಗುವ ಏರಿಳಿತಕ್ಕೆ ಒಂದು ಖಾತೆ, ಬೇಗಬೇಗ ಆಗುವುದಕ್ಕೆ ಇನ್ನೊಂದು ಖಾತೆ ತೆರೆ. ಎಂಟು ಪಟ್ಟು ಬೇಗ ಆಗುವ ಏರಿಳಿತದ ಖಾತೆಯಲ್ಲಿ ಶಕ್ತಿ 32ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅವಳು ಕ್ಯಾಲ್ಕುಲೇಟರ್ ಒತ್ತಿ ನೋಡಿ, “ಹೌದು ತಾತ, ಎಂಟರ ಘನಮೂಲ ಎರಡು, ಎರಡರ ಐದನೇ ಘಾತ ಮೂವತ್ತೆರಡು” ಅಂದಳು. ನನಗಿಂತ ಬೇಗ ಅವಳಿಗೆ ಹೊಳೆಯಿತು.

ಭೂಮಿಯ ಸಮೀಪದ ಸೌರಮಾರುತದ ಕಾಂತಕ್ಷೇತ್ರವನ್ನು ಅಳೆದಾಗ ಬಂದದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಹೊಳೆಯ ಸುಳಿಯ ನಿಯಮ ಎಲ್ಲಿ, ಹೆಚ್ಚುಕಡಿಮೆ ಬರಿದಾದ ಬಾಹ್ಯಾಕಾಶ ಎಲ್ಲಿ! ಸೂರ್ಯನಿಗೆ ಹತ್ತಿರ ಹೋದರೆ ಮಾತ್ರ ಈ ಇಳಿತ ಸ್ವಲ್ಪ ಕಡಿಮೆ ಎಂದು ಪಾರ್ಕರ್ ಸೋಲಾರ್ ಪ್ರೋಬ್ ಎಂಬ ನೌಕೆ ತೋರಿಸಿದೆ. ಅಲ್ಲಿ 32ರ ಬದಲು ಸುಮಾರು 23.

ಸೌರಮಾರುತ ಹರಡುತ್ತಾ ಹೋದಂತೆ ಬೇಗ ತಣ್ಣಗಾಗಬೇಕಿತ್ತು. ಆದರೆ ಲೆಕ್ಕ ಹೇಳುವಷ್ಟು ಬೇಗ ತಣ್ಣಗಾಗುವುದಿಲ್ಲ. ದಾರಿಯಲ್ಲಿ ಯಾರೋ ಬಿಸಿ ಮಾಡುತ್ತಿದ್ದಾರೆ. ಆ ಬಿಸಿಗೆ ಒಂದು ಮುಖ್ಯ ಮೂಲ ಈ ಸುಳಿಗಳ ಚಿಲ್ಲರೆ ಖರ್ಚೇ ಎಂದು ವಿಜ್ಞಾನಿಗಳು ತಿಳಿದಿದ್ದಾರೆ.

ರೈಲ್ವೆ ಗೇಟಿನಲ್ಲಿ ನಿಂತ ನೌಕೆ

ಅಷ್ಟು ದೊಡ್ಡ ಬಾಹ್ಯಾಕಾಶದಲ್ಲಿ ಒಂದೇ ಒಂದು ನೌಕೆ ನಿಂತು ಸುಳಿಗಳನ್ನು ಅಳೆಯುವುದಾದರೂ ಹೇಗೆ? ಇದಕ್ಕೆ ಇಂಗ್ಲೆಂಡಿನ ಜಿ.ಐ. ಟೇಲರ್ 1938ರಲ್ಲಿ ಹೇಳಿದ ಉಪಾಯವೊಂದಿದೆ. ರೈಲ್ವೆ ಗೇಟು ಹಾಕಿದಾಗ ನಾವು ನಿಂತಲ್ಲೇ ನಿಂತು ಇಡೀ ರೈಲನ್ನು ನೋಡುತ್ತೇವಲ್ಲ, ಹಾಗೆ. ಡಬ್ಬಿಗಳು ಒಂದೊಂದಾಗಿ ನಮ್ಮ ಮುಂದೆ ಹಾದುಹೋಗುತ್ತವೆ. ಸೌರಮಾರುತ ನೌಕೆಯನ್ನು ದಾಟಿ ಸೆಕೆಂಡಿಗೆ 400 ಕಿಲೋಮೀಟರ್ ಓಡುತ್ತಿದ್ದರೆ, ಒಂದು ಸೆಕೆಂಡಿನ ಅಳತೆ ಎಂದರೆ 400 ಕಿಲೋಮೀಟರ್ ಉದ್ದದ ತುಂಡಿನ ಅಳತೆ. ಒಂದು ನಿಮಿಷಕ್ಕೆ 24,000 ಕಿಲೋಮೀಟರ್. ಕಾಲದ ಲೆಕ್ಕವೇ ದೂರದ ಲೆಕ್ಕವಾಗುತ್ತದೆ.

ಹೀಗೆ ಅಳೆದಾಗ ಒಂದು ಸ್ವಾರಸ್ಯ ಕಂಡಿತು. ಅನೇಕ ಸಲ ಕ್ಷೇತ್ರದ ದಿಕ್ಕು ಬದಲಾಗುತ್ತದೆ, ಬಲ ಬದಲಾಗುವುದಿಲ್ಲ. ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಸಿಕೊಳ್ಳಿ. ಹಗ್ಗ ಬಿಗಿಯಾಗಿಯೇ ಇರುತ್ತದೆ, ಹಸು ಮಾತ್ರ ಸುತ್ತ ತಿರುಗುತ್ತಿರುತ್ತದೆ. ಪಾರ್ಕರ್ ನೌಕೆ ಸೂರ್ಯನ ಸಮೀಪದಲ್ಲಿ ಕಂಡದ್ದು ಇನ್ನೂ ವಿಚಿತ್ರ. ಅಲ್ಲಿ ಕಾಂತಕ್ಷೇತ್ರ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಂತೆ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿ, ಸ್ವಲ್ಪ ಹೊತ್ತಿಗೆ ಮತ್ತೆ ಮುಂದಕ್ಕೆ ತಿರುಗುತ್ತದೆ. 2018ರ ಆಗಸ್ಟ್ 12ರಂದು ಆ ನೌಕೆ ಹಾರಿದಾಗ 91 ವರ್ಷದ ಪಾರ್ಕರ್ ಎದುರಿಗೇ ನಿಂತು ನೋಡಿದರು. ಅವರು 2022ರಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ ಬರೀ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು.

ನನ್ನ ಕೌಂಟರಿನ ಒಂದು ಶನಿವಾರ

ಇಲ್ಲಿಗೆ ಬಂದಾಗ ನಾನು ಮೊಮ್ಮಗಳಿಗೆ ಒಂದು ಹಳೆಯ ಕಥೆ ಹೇಳಬೇಕಾಯಿತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎಂಬತ್ತರ ದಶಕ. ರೇಷ್ಮೆ ಬೆಳೆಯುವ ಒಂದು ಸಣ್ಣ ಊರಿನ ಶಾಖೆಯಲ್ಲಿ ನಾನು ಕ್ಯಾಶ್ ನೋಡಿಕೊಳ್ಳುತ್ತಿದ್ದೆ. ವಾರಕ್ಕೆ ಎಷ್ಟು ನಗದು ಬೇಕು ಎಂದು ಅಂದಾಜು ಬರೆದು ಕೊಡುವುದು ನನ್ನ ಕೆಲಸ. ಅದರಂತೆ ಜಿಲ್ಲಾ ಕೇಂದ್ರದ ಕರೆನ್ಸಿ ಚೆಸ್ಟಿನಿಂದ ಹಣ ಬರುತ್ತಿತ್ತು. ನಾನು ಬಿ.ಕಾಂ. ಅಲ್ಲವೇ, ಬುದ್ಧಿವಂತಿಕೆ ಮಾಡಿದೆ. ಮೂರು ತಿಂಗಳ ಪಾವತಿಗಳ ಸರಾಸರಿ ತೆಗೆದು, ಅದರ ಮೇಲೆ ಒಂದಿಷ್ಟು ಸೇರಿಸಿ ಬರೆಯುತ್ತಿದ್ದೆ. ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯಿತು. ಮ್ಯಾನೇಜರ್ ಬೆನ್ನು ತಟ್ಟಿದರು.

ಗೌರಿ ಹಬ್ಬದ ಹಿಂದಿನ ಶನಿವಾರ. ಅರ್ಧ ದಿನದ ವಹಿವಾಟು. ಅವತ್ತು ಗೂಡು ಮಾರಿದವರ ಚೆಕ್ಕುಗಳೂ ಬಂದವು, ಮೇಷ್ಟ್ರುಗಳ ಸಂಬಳವೂ ಬಂತು, ಹಬ್ಬದ ಸಾಮಾನಿಗೆ ಹಣ ತೆಗೆಯುವವರೂ ಬಂದರು. ಹನ್ನೊಂದೂವರೆಗೆ ನನ್ನ ಡ್ರಾಯರ್ ಖಾಲಿ. ಕಿಟಕಿಯ ಮುಂದೆ ವಯಸ್ಸಾದ ರೈತರೊಬ್ಬರು ಎರಡು ಸಾವಿರ ರೂಪಾಯಿಯ ಚೀಟಿ ಹಿಡಿದು ನಿಂತಿದ್ದರು. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು.

“ಸೋಮವಾರ ಬನ್ನಿ ಯಜಮಾನರೇ” ಅಂದೆ.

ಅವರು ಮಾತಾಡದೆ ಹೋದರು. ಮ್ಯಾನೇಜರ್ ಮತ್ತು ನಾನು ಅಂಗಡಿಯವರನ್ನು ಬೇಡಿಕೊಂಡು, ಅವರ ಗಲ್ಲಾಪೆಟ್ಟಿಗೆಯ ಹಣ ಕಟ್ಟಿಸಿಕೊಂಡು, ಒಂದು ಗಂಟೆಯೊಳಗೆ ಅಷ್ಟಿಷ್ಟು ಹೊಂದಿಸಿದೆವು. ಜವಾನನನ್ನು ಸೈಕಲ್ಲಿನಲ್ಲಿ ಬಸ್ ನಿಲ್ದಾಣಕ್ಕೆ ಓಡಿಸಿದೆ. ಬಸ್ಸು ಹೊರಟುಹೋಗಿತ್ತು.

ಮುಂದಿನ ವಾರ ಅವರು ಬಂದರು. ಹೆಂಡತಿ ಹುಷಾರಾಗಿದ್ದರು. ಆದರೆ ಅವತ್ತು ಬಡ್ಡಿಯವನ ಹತ್ತಿರ ಸಾವಿರದ ಐನೂರು ಸಾಲ ಮಾಡಿದ್ದರು. ನೂರಕ್ಕೆ ಹತ್ತು ಬಡ್ಡಿ, ಮೊದಲೇ ಹಿಡಿದುಕೊಂಡಿದ್ದ. “ಹೋಗ್ಲಿ ಬಿಡಿ ಸ್ವಾಮಿ, ನಿಮ್ದೇನು ತಪ್ಪು” ಅಂದರು. ನನ್ನದೇ ತಪ್ಪು. ಆ ನೂರೈವತ್ತು ರೂಪಾಯಿ ನನ್ನ ಲೆಕ್ಕಕ್ಕೆ ಬಿದ್ದ ದಂಡ. ಕಟ್ಟಿದವರು ಅವರು.

ಅಂದಿನಿಂದ ನಾನು ಸರಾಸರಿಯ ಪಕ್ಕದಲ್ಲಿ ಇನ್ನೊಂದು ಪುಟ ಬರೆಯತೊಡಗಿದೆ. ನಿನ್ನೆಗೂ ಇವತ್ತಿಗೂ ಪಾವತಿಯಲ್ಲಿ ಎಷ್ಟು ವ್ಯತ್ಯಾಸ? ಬಹಳ ದಿನ ವ್ಯತ್ಯಾಸ ಸಣ್ಣದು. ಆಗೊಮ್ಮೆ ಈಗೊಮ್ಮೆ ಭಾರಿ ಜಿಗಿತ. ಆ ಜಿಗಿತಗಳೂ ಒಂಟಿಯಾಗಿ ಬರುವುದು ಕಡಿಮೆ, ಹಬ್ಬದ ವಾರದಲ್ಲಿ, ಗೂಡಿನ ಕಾಲದಲ್ಲಿ ಗುಂಪಾಗಿ ಬರುತ್ತವೆ.

ಉದ್ದ ಬಾಲದ ಲೆಕ್ಕ

ಸೌರಮಾರುತವನ್ನು ಅಳೆಯುವವರು ಮಾಡುವುದೂ ಇದನ್ನೇ ಎಂದು ಓದಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವರು ಕಾಂತಕ್ಷೇತ್ರದ ಅಂಕಿಯನ್ನಷ್ಟೇ ನೋಡುವುದಿಲ್ಲ. ಈಗಿನ ಅಂಕಿಗೂ ಸ್ವಲ್ಪ ಹೊತ್ತಿನ ಹಿಂದಿನ ಅಂಕಿಗೂ ಇರುವ ವ್ಯತ್ಯಾಸ ಬರೆದು, ಎಷ್ಟು ದೊಡ್ಡ ವ್ಯತ್ಯಾಸ ಎಷ್ಟು ಸಲ ಬಂತು ಎಂದು ಎಣಿಸುತ್ತಾರೆ.

ಒಂದು ದಿನದಷ್ಟು ಅಂತರ ಬಿಟ್ಟು ಎಣಿಸಿದರೆ ಚಿತ್ರ ದೇವಸ್ಥಾನದ ಗಂಟೆಯ ಆಕಾರಕ್ಕೆ ಹತ್ತಿರ ಬರುತ್ತದೆ. ಗಂಟೆಯ ಆಕಾರದ ಲೆಕ್ಕದಲ್ಲಿ ದೊಡ್ಡ ಜಿಗಿತ ಬಹಳ ಅಪರೂಪ. ಮಾನಕ ವಿಚಲನೆಯ ಮೂರು ಪಟ್ಟು ದಾಟುವುದು ಸುಮಾರು 370ರಲ್ಲಿ ಒಮ್ಮೆ. ಐದು ಪಟ್ಟು ದಾಟುವುದು ಸುಮಾರು 17 ಲಕ್ಷದಲ್ಲಿ ಒಮ್ಮೆ. ಆದರೆ ಕೆಲವೇ ಸೆಕೆಂಡುಗಳ ಅಂತರದಲ್ಲಿ ಎಣಿಸಿದರೆ ಚಿತ್ರವೇ ಬೇರೆ. ನಡುವೆ ಚೂಪಾದ ಶಿಖರ, ಎರಡೂ ಕಡೆ ಉದ್ದನೆಯ ಬಾಲ. ಎಂದರೆ ಬಹಳ ಹೊತ್ತು ಕ್ಷೇತ್ರ ಬಹುತೇಕ ಸುಮ್ಮನಿರುತ್ತದೆ, ಆದರೆ ದೊಡ್ಡ ಜಿಗಿತಗಳು ಗಂಟೆಯ ಲೆಕ್ಕ ಹೇಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಬರುತ್ತವೆ, ಬಂದರೆ ಗುಂಪಾಗಿ ಬರುತ್ತವೆ.

ಈ ಜಿಗಿತಗಳು ಬರೀ ಅಂಕಿಗಳಲ್ಲ. ಬಾಹ್ಯಾಕಾಶದಲ್ಲಿ ತೆಳುವಾದ ಹಾಳೆಗಳಂತೆ ವಿದ್ಯುತ್ ಹರಿಯುವ ಜಾಗಗಳಿವೆ. ಹಾಳೆಯ ಈಚೆ ಕ್ಷೇತ್ರಕ್ಕೆ ಒಂದು ದಿಕ್ಕು, ಆಚೆ ಇನ್ನೊಂದು. ನೌಕೆಯ ಮೇಲೆ ಇಂಥ ಹಾಳೆ ಹಾದುಹೋದಾಗ ಅಂಕಿ ಜಿಗಿಯುತ್ತದೆ. ಈ ಹಾಳೆಗಳ ಅಕ್ಕಪಕ್ಕದಲ್ಲಿ ಪ್ಲಾಸ್ಮಾ ಹೆಚ್ಚು ಬಿಸಿಯಾಗಿರುವುದನ್ನೂ ಕಂಡಿದ್ದಾರೆ. ಚಿಲ್ಲರೆ ಎಲ್ಲಾ ಕಡೆ ಸಮನಾಗಿ ಖರ್ಚಾಗುವುದಿಲ್ಲ, ಸಂತೆಯ ದಿನ ಸಂತೆಯಲ್ಲಿ ಖರ್ಚಾಗುತ್ತದೆ.

ಕ್ಷೇತ್ರದ ಒಟ್ಟು ಬಲದ ಲೆಕ್ಕಕ್ಕೂ ಗಂಟೆಯ ಆಕಾರ ಇಲ್ಲ. ಅದು ಉಳಿತಾಯ ಖಾತೆಗಳ ಬ್ಯಾಲೆನ್ಸಿನ ಹಾಗೆ ಒಂದು ಕಡೆಗೆ ವಾಲಿರುತ್ತದೆ. ಹೆಚ್ಚಿನವು ಕಡಿಮೆಯ ಕಡೆ, ಬೆರಳೆಣಿಕೆಯವು ಬಹಳ ದೊಡ್ಡವು.

ಸೊನ್ನೆಯೊಳಗಿನ ಬಿರುಗಾಳಿ

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಉತ್ತರ–ದಕ್ಷಿಣದ ಅಂಕಿಯ ಸರಾಸರಿ ಸೊನ್ನೆ. ನಿಜವಾದ ಸೌರಮಾರುತದಲ್ಲೂ ದೀರ್ಘಕಾಲ ಲೆಕ್ಕ ಹಾಕಿದರೆ ಅದು ಸೊನ್ನೆಗೆ ಹತ್ತಿರವೇ. ಆದರೆ ಭೂಮಿಗೆ ಸರಾಸರಿಯಿಂದ ಆಗಬೇಕಾದದ್ದು ಏನೂ ಇಲ್ಲ. ಭೂಮಿಯ ಕಾಂತಕ್ಷೇತ್ರ ನಮ್ಮ ಮನೆಯ ಬಾಗಿಲಿದ್ದಂತೆ. ಸೌರಮಾರುತದ ಕ್ಷೇತ್ರ ಉತ್ತರಕ್ಕೆ ತಿರುಗಿದ್ದರೆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ದಕ್ಷಿಣಕ್ಕೆ ತಿರುಗಿ ಗಂಟೆಗಟ್ಟಲೆ ಹಾಗೆಯೇ ನಿಂತರೆ ಎರಡು ಕ್ಷೇತ್ರಗಳು ಬೆಸೆದುಕೊಂಡು ಬಾಗಿಲು ತೆರೆಯುತ್ತದೆ. ಆಗ ಕಾಂತೀಯ ಬಿರುಗಾಳಿ. ದೊಡ್ಡ ಬಿರುಗಾಳಿಗಳ ಮೂಲ ಸೂರ್ಯನಿಂದ ಸಿಡಿದು ಬರುವ ಪ್ಲಾಸ್ಮಾದ ಮುದ್ದೆಗಳು. ಅವುಗಳ ಮುಂದೆ ದಬ್ಬಿಕೊಂಡು ಬರುವ ಗಾಳಿ ತುಂಬಾ ಪ್ರಕ್ಷುಬ್ಧವಾಗಿರುತ್ತದೆ.

1859ರ ಸೆಪ್ಟೆಂಬರಿನಲ್ಲಿ ಬಂದದ್ದು ದಾಖಲೆಯ ಬಿರುಗಾಳಿ. ಅದನ್ನು ಅಳೆದು ಬರೆದಿಟ್ಟವರಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದವರೂ ಇದ್ದರು. ಆ ಕಾಗದದ ಮೇಲಿನ ಅಂಕಿಗಳನ್ನು ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ. ಹಳೆಯ ಲೆಡ್ಜರನ್ನು ರದ್ದಿಗೆ ಹಾಕಬಾರದು ಎಂದು ನಾನು ಹೇಳುವುದು ಇದಕ್ಕೇ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಇಂಥದೇ ಬಿರುಗಾಳಿಗೆ ವಿದ್ಯುತ್ ಜಾಲ ಕುಸಿದು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2024ರ ಮೇ 10 ಮತ್ತು 11ರ ರಾತ್ರಿ ಎರಡು ದಶಕಗಳಲ್ಲೇ ದೊಡ್ಡ ಬಿರುಗಾಳಿ ಬಂತು. ಲಡಾಖಿನ ಹಾನ್ಲೆಯಲ್ಲಿ ಆಕಾಶದ ಅಂಚು ಕೆಂಪಾಗಿ ಹೊಳೆದದ್ದು ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ದಾಖಲಾಯಿತು. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಮುನ್ಸೂಚನೆ ಬೇಕಾದರೆ ಗಾಳಿ ಬರುವ ದಾರಿಯಲ್ಲಿ ಕಾವಲುಗಾರ ನಿಲ್ಲಬೇಕು. ನಮ್ಮ ಆದಿತ್ಯ-ಎಲ್1 ನಿಂತಿರುವುದು ಅಲ್ಲೇ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆ ಸೇರಿತು. ಅದರಲ್ಲಿರುವ ಏಳು ಉಪಕರಣಗಳಲ್ಲಿ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ತಯಾರಾದದ್ದು ಬೆಂಗಳೂರಿನಲ್ಲಿ, ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. ಆರು ಮೀಟರ್ ಉದ್ದದ ತೋಳಿನ ತುದಿಯಲ್ಲಿ ಒಂದು, ನಡುವೆ ಒಂದು, ಹೀಗೆ ಎರಡು ಸಂವೇದಕಗಳಿವೆ. ನೌಕೆಯೊಳಗಿನ ವಿದ್ಯುತ್ತಿನಿಂದಲೇ ಸ್ವಲ್ಪ ಕಾಂತಕ್ಷೇತ್ರ ಹುಟ್ಟುತ್ತದೆ. ನೌಕೆಗೆ ಹತ್ತಿರದ ಸಂವೇದಕಕ್ಕೆ ಅದು ಹೆಚ್ಚು ತಾಗುತ್ತದೆ, ದೂರದ್ದಕ್ಕೆ ಕಡಿಮೆ. ಎರಡನ್ನೂ ತಾಳೆ ನೋಡಿದರೆ ನೌಕೆಯ ಪಾಲೆಷ್ಟು, ಸೂರ್ಯನ ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸಬಹುದು. ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಬೇಕು ಎಂಬ ಬ್ಯಾಂಕಿನ ನಿಯಮವೇ ಅಲ್ಲೂ ಇದೆ!

ಆ ಜಾಗದಿಂದ ಗಾಳಿ ಭೂಮಿಗೆ ಬರಲು ಸೆಕೆಂಡಿಗೆ 400 ಕಿಲೋಮೀಟರಿನಂತೆ ಸುಮಾರು ಒಂದು ಗಂಟೆ, 800ರಂತೆ ಅರ್ಧ ಗಂಟೆ. ನಮಗೆ ಸಿಗುವ ಕಾಲಾವಕಾಶ ಅಷ್ಟೇ. ಅಷ್ಟರಲ್ಲಿ ಉಪಗ್ರಹ ನಡೆಸುವವರು, ವಿದ್ಯುತ್ ಜಾಲ ನೋಡಿಕೊಳ್ಳುವವರು ಎಚ್ಚೆತ್ತುಕೊಳ್ಳಬೇಕು. ಅವರ ಕೈಲಿರುವ ಪುಟದಲ್ಲಿ ಬರೀ ಸರಾಸರಿ ಇದ್ದರೆ ಸಾಲದು.

ಮಹಡಿಯ ಮೇಲೊಂದು ಪ್ರಯೋಗ

ಮಕ್ಕಳೇ, ಇದನ್ನು ನೀವೇ ಮಾಡಿ ನೋಡಬಹುದು. ಮೂರು ಜನ ಬೇಕು, ಒಬ್ಬರು ಅಜ್ಜನೋ ಅಜ್ಜಿಯೋ ಆಗಿರಲಿ. ಗಾಳಿ ಬೀಸುವ ಸಂಜೆ ಅಂಗಳದಲ್ಲೋ ಮಹಡಿಯ ನಡುವೆಯೋ ಒಂದು ಕೋಲು ನಿಲ್ಲಿಸಿ, ತುದಿಗೆ ಒಂದು ಗೇಣು ತೆಳುವಾದ ದಾರ ಕಟ್ಟಿ. ನೆಲದ ಮೇಲೆ ಸೀಮೆಸುಣ್ಣದಿಂದ ಗಡಿಯಾರದ ಹಾಗೆ 1ರಿಂದ 12 ಬರೆಯಿರಿ. ಐದು ಸೆಕೆಂಡಿಗೊಮ್ಮೆ ಒಬ್ಬರು “ಹೂಂ” ಅನ್ನಲಿ, ಒಬ್ಬರು ದಾರ ಯಾವ ಅಂಕಿಯ ಕಡೆಗಿದೆ ಎಂದು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹತ್ತು ನಿಮಿಷಕ್ಕೆ 120 ಅಂಕಿ. ಪಕ್ಕಪಕ್ಕದ ಅಂಕಿಗಳ ನಡುವೆ ಎಷ್ಟು ಮನೆ ವ್ಯತ್ಯಾಸ ಎಂದು ಎಣಿಸಿ ಪಟ್ಟಿ ಮಾಡಿ. 12ಕ್ಕೂ 1ಕ್ಕೂ ಒಂದೇ ಮನೆ ಎಂಬುದು ನೆನಪಿರಲಿ. ಆಮೇಲೆ ಒಂದು ನಿಮಿಷ ಅಂತರದ ಅಂಕಿಗಳಿಗೂ ಹಾಗೆಯೇ ಮಾಡಿ. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿ.

ನಾವೂ ಮಾಡಿದೆವು. ಪಕ್ಕಪಕ್ಕದ ಪಟ್ಟಿಯಲ್ಲಿ ಹೆಚ್ಚಿನವು ಸೊನ್ನೆ ಅಥವಾ ಒಂದು, ಅಲ್ಲಲ್ಲಿ ಐದು, ಆರು. ಮೊಮ್ಮಗಳು ಆ ಐದು, ಆರುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು.

ಅವಳು ಪ್ರಾಜೆಕ್ಟಿನಲ್ಲಿ ಟೀಚರ್ ಕೊಟ್ಟ ಎಂಟು ಅಂಕಿಗಳ ಸರಾಸರಿ ಸೊನ್ನೆ ಎಂದೇ ಬರೆದಳು. ಅದರ ಕೆಳಗೆ, ಅಂಕಿಗಳ ವರ್ಗ ಮಾಡಿ ಕೂಡಿದರೆ 108, ಎಂಟರಿಂದ ಭಾಗಿಸಿದರೆ 13.5, ಅದರ ವರ್ಗಮೂಲ ಸುಮಾರು 3.7 ಎಂದು ಬರೆದಳು. “ಸರಾಸರಿ ಸೊನ್ನೆ, ಆದರೆ ಏರಿಳಿತ 3.7. ಕ್ಷೇತ್ರ ಇದೆ” ಎಂದು ಗೆರೆ ಎಳೆದು ಮುಗಿಸಿದಳು.

ನೋಟ್‌ಬುಕ್ ಮುಚ್ಚುವಾಗ ಕೇಳಿದಳು, “ತಾತ, ಆ ಅಜ್ಜಂಗೆ ನೂರೈವತ್ತು ರೂಪಾಯಿ ನೀನು ವಾಪಸ್ ಕೊಟ್ಯಾ?”

“ಇಲ್ಲಮ್ಮ. ಆಗ ತೋಚಲೇ ಇಲ್ಲ” ಅಂದೆ.

ಅವಳು ಏನೂ ಹೇಳಲಿಲ್ಲ. ನಾನೂ ಪತ್ರಿಕೆ ಎತ್ತಿಕೊಳ್ಳಲಿಲ್ಲ.